ಬಂದು ಕೂತವರು

ಸೊಸೆಯ ಓದು ಡಬ್ಬಿಯನ್ನು ಕೈಗೆ ಕೊಟ್ಟ ಜಾಗಕ್ಕೆ ಬಂದಾಗ ಮಲ್ಲಮ್ಮ ನಕ್ಕುಬಿಟ್ಟರು. ಬಾಯಿ ತುಂಬ ಎಲೆ ಅಡಿಕೆ ಇತ್ತು. ಅಂಗೈ ಅಡ್ಡ ಹಿಡಿದು, ಭುಜ ಕುಣಿಸುತ್ತ ನಕ್ಕರು. ಆಮೇಲೆ ಪಕ್ಕದಲ್ಲಿದ್ದ ಮೊಸರಿನ ಖಾಲಿ ಬಕೆಟ್ಟಿಗೆ ಉಗುಳಿ ಸೆರಗಿನಿಂದ ತುಟಿ ಒರೆಸಿಕೊಂಡರು.

"ಯಾಕತ್ತೆ, ಏನಾಯ್ತು?" ಸೊಸೆ ಇಂದು ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು.

"ಅಲ್ಲವಾ, ಆಕಿ ಡಬ್ಬೀನ ತುಗೊಂಡು ಹೋಗಿಬಿಟ್ಲು?"

"ಹೂಂ. ಅವ್ರು ಗಿಫ್ಟ್ ಕೊಟ್ರು, ಇವ್ಳು ತಗೊಂಡ್ಳು."

"ಗಿಫ್ಟ್ ಎಲ್ಲೀದು! ಎಲಿ ಹಾಕ್ಕೋ ಅಂತ ಮುಂದ ಹಿಡದಾರ. ಒಂದು ಎಲಿ ತುಗೊಂಡು ಡಬ್ಬಿ ಹೊಳ್ಳಿ ಕೊಡಬೇಕು. ನಾಳೆ ನಮ್ಮನಿಗೆ ಬಂದವ್ರು ಚಾ ಕುಡುದು ಕಪ್ಪು ಬಸಿ ಚೀಲದಾಗ ಹಾಕ್ಕೊಂಡು ಹೊಂಟ್ರ ಹೆಂಗಿರ್ತೈತಿ?"

ಒಳಗಿನ ಕೋಣೆಯಿಂದ ಸೌರಭ್ ಕೂಗಿದ: "ಅವ್ವಾ, ಬಾಲ್ಕನಿಯಿಂದ ಉಗುಳಬ್ಯಾಡ ಮತ್ತ. ಕೆಳಗಿನವ್ರು ಲೀಸಿಂಗ್ ಆಫೀಸಿಗೆ ಕಂಪ್ಲೇಂಟ್ ಮಾಡ್ಯಾರ."

"ಬಕೀಟಿನಾಗ ಉಗುಳಾಕತ್ತೀನೋ ಮಾರಾಯಾ."

ಇಂದುವಿಗೆ ನಗು ಬರಲಿಲ್ಲ. ಅವಳು ಓದಿ ಹೇಳುತ್ತಿದ್ದದ್ದು ತಾನೇ ಬರೆದ ಪ್ರಬಂಧವನ್ನು. ಇಂಗ್ಲಿಷಿನಲ್ಲಿದ್ದದ್ದನ್ನು ಅತ್ತೆಗಾಗಿ ಕನ್ನಡ ಮಾಡಿಕೊಂಡು ಹೇಳುತ್ತಿದ್ದಳು. ಅತ್ತೆ ಏಪ್ರಿಲ್‌ನಲ್ಲಿ ಗುಳೇದಗುಡ್ಡದಿಂದ ಬಂದಿದ್ದರು. ವಾಷಿಂಗ್ಟನ್ನಿನ ಹತ್ತಿರ ಹರ್ನ್‌ಡನ್‌ನ ಈ ಮೂರನೇ ಮಹಡಿಯಲ್ಲಿ ಅವರಿಗೆ ಮಧ್ಯಾಹ್ನಗಳನ್ನು ಕಳೆಯುವುದೇ ಕಷ್ಟ. ಶನಿವಾರ ಸೊಸೆ ಏನಾದರೂ ಓದಿದರೆ, ಇಂಡಿಯನ್ ಸ್ಟೋರಿನಿಂದ ತರಿಸಿದ ಎಲೆಗಳ ತೊಟ್ಟು ಮುರಿಯುತ್ತ ಕೇಳುತ್ತಿದ್ದರು.

ಪ್ರಬಂಧ ಅಡೆಲೈನ್ ವಿಟ್ಕಮ್ ಎಂಬ ಅಮೆರಿಕನ್ ಹೆಂಗಸಿನ ಬಗ್ಗೆ. 1903ರಲ್ಲಿ, ಫಿಲಿಪೀನ್ಸ್ ಅಮೆರಿಕದ ಕೈಗೆ ಬಂದ ಹೊಸತರಲ್ಲಿ, ಅವಳು ಒಬ್ಬಳೇ ಹಡಗು ಹತ್ತಿ ಅಲ್ಲಿಗೆ ಹೋಗಿದ್ದಳು. ಮದುವೆಯಾಗಿರಲಿಲ್ಲ. ಪನಾಯ್ ದ್ವೀಪದಲ್ಲಿ ನದಿಯ ದಂಡೆಯ ಒಂದು ಊರಿನಲ್ಲಿ ಸುಮಾರು ಒಂದು ವರ್ಷ ಇದ್ದು, ಜರೀಗಿಡಗಳ ಚಿತ್ರ ಬರೆದು, ಏಳು ನೋಟ್‌ಬುಕ್ ತುಂಬಿಸಿದಳು. ಅವು ಈಗ ವಾಷಿಂಗ್ಟನ್ನಿನ ಒಂದು ಖಾಸಗಿ ಗ್ರಂಥಾಲಯದಲ್ಲಿದ್ದವು. ಆ ಕೈಬರಹವನ್ನು ಬಿಡಿಸಿ ಓದಿ ಟೈಪ್ ಮಾಡುವುದು ಇಂದುವಿನ ಕೆಲಸ. ಗಂಡನ ವೀಸಾದ ಮೇಲೆ ಬಂದವಳು ಅವಳು. ವರ್ಕ್ ಪರ್ಮಿಟ್ಟಿಗೇ ಎರಡು ವರ್ಷ ಕಾದಿದ್ದಳು. ಬಂದು ನಾಲ್ಕು ವರ್ಷವಾದರೂ ಈ ದೇಶದಲ್ಲಿ ಅವಳ ಹೆಸರು ಡ್ರೈವಿಂಗ್ ಲೈಸೆನ್ಸ್ ಬಿಟ್ಟು ಬೇರೆಲ್ಲೂ ಅಚ್ಚಾಗಿರಲಿಲ್ಲ. ಈಗ ಜುಲೈನಲ್ಲಿ ಅಡೆಲೈನ್‌ಳ ವಸ್ತುಗಳ ಪ್ರದರ್ಶನವಿತ್ತು. ಅದರ ಪುಸ್ತಿಕೆಗೆ ನೀನೇ ಬರಿ ಎಂದು ಗ್ರಂಥಾಲಯದ ಮುಖ್ಯಸ್ಥೆ ಹೆಲೆನ್ ಹೇಳಿದ್ದಳು. ಕೆಳಗೆ ಇಂದುವಿನ ಹೆಸರು ಬರುತ್ತದೆ. ಮೈಸೂರಿನಲ್ಲಿ ಅಪ್ಪ ಆಗಲೇ ನಾಲ್ಕು ಜನಕ್ಕೆ ಹೇಳಿಯಾಗಿತ್ತು.

ಎಂಟು ತಿಂಗಳಿಂದ ಅವಳು ಆ ನದಿಯ ಊರಿನಲ್ಲೇ ಇದ್ದಳು ಎಂದರೂ ನಡೆಯುತ್ತದೆ. ಬೆಳಿಗ್ಗೆ ಹರ್ನ್‌ಡನ್‌ನಲ್ಲಿ ಹತ್ತಿದ ರೈಲು ರಾಸ್ಲಿನ್ ದಾಟಿದ ಮೇಲೆ ಪೊಟೊಮ್ಯಾಕ್ ನದಿಯ ಕೆಳಗೆ ಹೋಗುತ್ತದೆ. ನದಿ ಕಾಣುವುದಿಲ್ಲ. ಕಿವಿ ಗುಂಯ್ ಎನ್ನುತ್ತದೆ, ಕಪ್ಪು ಕಿಟಕಿಯಲ್ಲಿ ಸ್ವಂತ ಮುಖ ಬರುತ್ತದೆ. ಆ ಎರಡು ನಿಮಿಷ ಇಂದು ಕಣ್ಣು ಮುಚ್ಚುತ್ತಿದ್ದಳು. ಆಗ ತಲೆಯ ಮೇಲೆ ಹರಿಯುವುದು ಇನ್ನೊಂದು ನದಿ. ಬಿದಿರಿನ ತೆಪ್ಪಗಳು, ನೀರಿನಲ್ಲಿ ಕಾಲೂರಿ ನಿಂತ ಮನೆಗಳು, ಗಾಜಿನ ಬದಲು ಚಿಪ್ಪಿನ ತೆಳು ಬಿಲ್ಲೆ ಕೂರಿಸಿದ ಕಿಟಕಿಗಳಲ್ಲಿ ಹಾಲಿನಂಥ ಬೆಳಕು. ಅನಾನಸ್ ಎಲೆಯ ನಾರಿನಲ್ಲಿ ನೇಯ್ದ ರವಿಕೆ ತೊಟ್ಟ ಹೆಂಗಸರು ಮೆಟ್ಟಿಲಿಳಿದರೆ ಅದರ ತೋಳುಗಳು ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ಹಾಗೆ ನಿಗುರಿಕೊಂಡಿರುತ್ತಿದ್ದವು. ಫ್ಯಾರಗಟ್ ವೆಸ್ಟ್‌ನಲ್ಲಿ ಇಳಿದು ಎಸ್ಕಲೇಟರ್ ಹತ್ತುವಾಗಲೂ ಕಾಲಿಗೆ ಕೆಸರು ಮೆತ್ತಿದ ಹಾಗೆ ಅನಿಸುತ್ತಿತ್ತು. ಅಡೆಲೈನ್ ಅವಳಿಗೆ ಇಷ್ಟವಾಗಿದ್ದಳು. ಒಬ್ಬಳೇ ಪರದೇಶಕ್ಕೆ ಹೋದವಳು. ಹೆದರಿಕೆಯಾದಾಗ ಹೆದರಿಕೆಯಾಯಿತು ಎಂದೇ ಬರೆದಿಟ್ಟವಳು.

ಪ್ರಬಂಧದ ಕೊನೆಗೆ ಇಂದು ಇಟ್ಟುಕೊಂಡದ್ದು ಡಬ್ಬಿಯ ಸಂಜೆಯನ್ನು. ಊರಿನ ದೊಡ್ಡ ಮನೆಯ ಮುದುಕಿ ಅಡೆಲೈನ್‌ಳನ್ನು ಕರೆಸಿದ್ದಳು. ಹಿತ್ತಾಳೆಯ ಡಬ್ಬಿ, ಮೇಲೆ ಬೆಳ್ಳಿಯ ಬಳ್ಳಿ, ಒಳಗೆ ನಾಲ್ಕು ಗೂಡು. ಎಲೆಗೊಂದು, ಅಡಿಕೆಗೊಂದು, ಸುಣ್ಣಕ್ಕೊಂದು, ಹೊಗೆಸೊಪ್ಪಿಗೊಂದು. ಅಡೆಲೈನ್ ಬರೆದಿದ್ದಳು: "ಮುದುಕಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು. ಅವರ ಕೆಂಪು ಬಾಯಿಯ ಚಟ ನನಗೆ ಬೇಕಿರಲಿಲ್ಲ. ಆದರೆ ಕಾಣಿಕೆಯನ್ನು ಬೇಡವೆಂದು ನೋಯಿಸುವುದು ಹೇಗೆ? ತೆಗೆದುಕೊಂಡು ಚೀಲದಲ್ಲಿಟ್ಟೆ. ಇಡೀ ಕೋಣೆ ನಿಶ್ಶಬ್ದವಾಯಿತು. ಅಷ್ಟು ಆಳವಾದ ಭಾವವನ್ನು ನಾನು ನಮ್ಮೂರ ಚರ್ಚಿನಲ್ಲೂ ಕಂಡಿಲ್ಲ."

ಅದರ ಕೆಳಗೆ ಇಂದು ತನ್ನದೊಂದು ವಾಕ್ಯ ಸೇರಿಸಿದ್ದಳು. ಆ ನಿಶ್ಶಬ್ದದಲ್ಲಿ ಇಬ್ಬರು ಹೆಂಗಸರು ಭಾಷೆಯ ಹಂಗಿಲ್ಲದೆ ಗೆಳತಿಯರಾದರು ಎಂದು. ಆ ವಾಕ್ಯಕ್ಕೆ ಎರಡು ದಿನ ಹಿಡಿದಿತ್ತು.

ಮೈಸೂರಿನಲ್ಲಿ ಹುಟ್ಟಿ ಬೆಳೆದವಳು. ಮದುವೆಮನೆಗಳಲ್ಲಿ ಎಲೆ ಅಡಿಕೆ ತಟ್ಟೆ ಹಿಡಿದು ಸಾಲು ಸಾಲು ತಿರುಗಿದವಳು. ಒಬ್ಬರೂ ತಟ್ಟೆಯನ್ನೇ ಎತ್ತಿಕೊಂಡು ಹೋದದ್ದಿಲ್ಲ. ಎಂಟು ತಿಂಗಳಲ್ಲಿ ಇದು ಅವಳಿಗೆ ಒಂದು ಸಲವೂ ಹೊಳೆದಿರಲಿಲ್ಲ. ಇಂಗ್ಲಿಷಿನಲ್ಲಿ ಓದುವಷ್ಟೂ ಹೊತ್ತು ಅವಳು ಅಡೆಲೈನ್ ಕೂತಿದ್ದ ಕುರ್ಚಿಯಲ್ಲೇ ಕೂತಿದ್ದಳು.

"ಮತ್ತ ಆ ಮುದುಕಿ ಹೊಳ್ಳಿ ಕೇಳ್ಲಿಲ್ಲೇನು?" ಮಲ್ಲಮ್ಮ ಇನ್ನೊಂದು ಎಲೆಗೆ ಸುಣ್ಣ ಸವರುತ್ತಿದ್ದರು.

"ಇಲ್ಲ ಅತ್ತೆ. ಯಾರೂ ಏನೂ ಕೇಳಿಲ್ಲ. ಮಾರನೇ ದಿನ ಬೆಳಗ್ಗೆ ಮುದುಕಿ ಮಗಳು ಬಂದಿದಾಳೆ, ಅಷ್ಟೆ. ಸುಮ್ನೆ ವಿಸಿಟ್‌ಗೆ."

"ಏನಂದ್ಲು ಬಂದು?"

ಇಂದು ಆ ಪುಟದ ಫೈಲು ತೆರೆದಳು. "ನದಿ ಏರಿದೆ ಅಂದ್ಳಂತೆ. ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೂ ಕೂತಿದ್ಳಂತೆ. ಅಡೆಲೈನ್ ಬಿಸ್ಕೆಟ್ ಕೊಟ್ಟಿದಾಳೆ. ಅದರ ಮಾರನೇ ದಿನಾನೂ ಬಂದಿದಾಳೆ. ಮೂರನೇ ದಿನ ಒಳ್ಳೇ ರವಿಕೆ ಹಾಕ್ಕೊಂಡು ಬಂದಿದಾಳೆ. 'ಇವರಿಗೆ ನನ್ನ ಮೇಲೆ ಎಂಥ ಅಕ್ಕರೆ' ಅಂತ ಬರ್ದಿದೆ."

ಮಲ್ಲಮ್ಮನವರ ಬೆರಳು ಎಲೆಯ ಮೇಲೆ ನಿಂತಿತು. ಮುಖದಲ್ಲಿ ನಗು ಇರಲಿಲ್ಲ.

"ಮೂರು ದಿನ ಬಂದು ಕುಂತಾಳ?"

"ಹೂಂ."

"ಮತ್ತ ಬಾಯಿಬಿಟ್ಟು ಹೆಂಗ ಕೇಳ್ತಾರವಾ? ಮನಿಗೆ ಬಂದು ಹೋದಾಕಿಗೆ, ನಮ್ಮ ಡಬ್ಬಿ ಕೊಡು ಅಂತ? ಬಂದು ಕುಂತ್ರ ತಿಳ್ಕೋಬೇಕು." ಎಲೆ ಮಡಿಸಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ. "ಸುಡ್ಲಿ. ಬಿಸ್ಕೀಟು ಕೊಟ್ಲಂತ."

ಸೋಮವಾರ ಇಂದು ಹೆಲೆನ್‌ಳ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಹೆಲೆನ್ ಕೆಟ್ಟವಳಲ್ಲ. ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿಸಿಕೊಂಡಳು.

"ಕಾಣಿಕೆ ಅಲ್ಲ ಅನ್ನೋದಕ್ಕೆ ಆಧಾರ?"

"ಆ ಮೂರು ದಿನದ ಪುಟಗಳು."

"ಅದರಲ್ಲಿ ಬಂದು ಕೂತಳು ಅಂತಿದೆ. ಡಬ್ಬಿ ವಾಪಸ್ ಬೇಕು ಅಂತಿಲ್ಲ."

"ಬೇಕು ಅಂತ ಹೇಳೋದಕ್ಕಾಗಲ್ಲ ಹೆಲೆನ್. ಅದಕ್ಕೇ ಬಂದು ಕೂರೋದು."

"ಇದನ್ನ ನಿನಗೆ ಯಾರು ಹೇಳಿದ್ರು?"

"ನಮ್ಮ ಅತ್ತೆ."

"ಅಡಿಟಿಪ್ಪಣೀಲಿ ಏನಂತ ಹಾಕೋಣ? 'ಅತ್ತೆ, ಹರ್ನ್‌ಡನ್, ವರ್ಜೀನಿಯಾ' ಅಂತಾನಾ?"

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಹೆಲೆನ್ ವಿಷಯಕ್ಕೆ ಬಂದಳು. ನೋಟ್‌ಬುಕ್‌ಗಳನ್ನೂ ಡಬ್ಬಿಯನ್ನೂ ಗ್ರಂಥಾಲಯಕ್ಕೆ ಕೊಟ್ಟವರು ಅಡೆಲೈನ್‌ಳ ತಮ್ಮನ ವಂಶದವರು. ಪ್ರಬಂಧವನ್ನು ಅವರಿಗೆ ಆಗಲೇ ಕಳಿಸಿಯಾಗಿತ್ತು. ಕೊನೆಯ ಪ್ಯಾರಾ ಓದಿ ತಮ್ಮನ ಮೊಮ್ಮಗಳು ಅತ್ತಳಂತೆ. ಶುಕ್ರವಾರ ಅದು ಅಚ್ಚಿಗೆ ಹೋಗಬೇಕು.

"ನೀನು ಹೇಳೋದು ನಿಜಾನೂ ಇರಬಹುದು. ಆದ್ರೆ ಪುಟದ ಮೇಲಿರೋದನ್ನ ನಾವು ಬರೀಬೇಕು, ಊಹೆ ಮಾಡಿದ್ದನ್ನಲ್ಲ. ಇರೋ ಹಾಗೇ ಬಿಡು ಇಂದು. ಚೆನ್ನಾಗಿದೆ. ನಿನ್ನ ಹೆಸರಿಗೂ ಒಳ್ಳೇದು." ಇಂದು ಏಳುವಾಗ ಮತ್ತೆ ಕರೆದಳು. "ಹಾಂ, ನಿನ್ನ ಗುರುವಾರದ ಗೆಳತಿ ಕೊಟ್ಟಿದ್ದ ಅಕ್ಕಿ ಕಡುಬು ಇನ್ನೂ ಫ್ರಿಜ್‌ನಲ್ಲಿದೆ. ಹುಳಿ ಬರೋಕೆ ಮುಂಚೆ ತಗೊಂಡ್ ಹೋಗು."

ಗುರುವಾರದ ಗೆಳತಿ ಎಂದರೆ ಲಿಗಾಯಾ. ಎಪ್ಪತ್ತು ದಾಟಿದ ಫಿಲಿಪಿನೋ ಹೆಂಗಸು, ನಿವೃತ್ತ ನರ್ಸ್, ಮೇರಿಲ್ಯಾಂಡಿನ ಫೋರ್ಟ್ ವಾಷಿಂಗ್ಟನ್ ಕಡೆಯಿಂದ ಬಸ್ಸು, ರೈಲು ಬದಲಾಯಿಸಿಕೊಂಡು ಬರುತ್ತಿದ್ದರು. ಒಂದು ತಿಂಗಳಿಂದ ಪ್ರತಿ ಗುರುವಾರ ಓದುವ ಕೋಣೆಯಲ್ಲಿ ಯಾವುದಾದರೊಂದು ಪುಸ್ತಕ ಕೇಳಿ ಪಡೆದು, ಅದನ್ನು ತೆರೆಯದೆ, ಸಂಜೆವರೆಗೆ ಕೂತಿದ್ದು ಹೋಗುತ್ತಿದ್ದರು. ಬಾಳೆಲೆಯಲ್ಲಿ ಸುತ್ತಿದ ಕಡುಬುಗಳನ್ನು ಇಂದುವಿನ ಕೈಗೆ ಕೊಟ್ಟು, "ಟೀಟಾ ಅಂತ ಕರಿ ನನ್ನ. ಆಂಟಿ ಅಂದ ಹಾಗೆ," ಎಂದಿದ್ದರು. ಎಸಿಯ ತಂಪಿಗೆ ಬರುತ್ತಾರೆ ಎಂದು ಹೆಲೆನ್ ಅಂದುಕೊಂಡಿದ್ದಳು. ಇಂದುವೂ ಹಾಗೇ ಅಂದುಕೊಂಡಿದ್ದಳು.

ಮಂಗಳವಾರ ಹೊಗೆ ಬಂತು. ಕೆನಡಾದಲ್ಲಿ ಕಾಡುಗಳು ಉರಿಯುತ್ತಿದ್ದವು, ಗಾಳಿ ಅದನ್ನೆಲ್ಲ ತಂದು ವಾಷಿಂಗ್ಟನ್ನಿನ ಮೇಲೆ ಸುರಿದಿತ್ತು. ಬುಧವಾರ ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬಹುದಾಗಿತ್ತು. ಹಣ್ಣಾದ ಟೊಮೆಟೊ ಹಾಗಿದ್ದ. ಎದುರಿನ ಕಟ್ಟಡಗಳು ನಿಂತಲ್ಲೇ ಕರಗುತ್ತಿದ್ದವು. ಜನ ಕೋವಿಡ್ ಕಾಲದ ಮಾಸ್ಕುಗಳನ್ನು ಹುಡುಕಿ ತೆಗೆದು ಹಾಕಿಕೊಂಡು, ಒಬ್ಬರನ್ನೊಬ್ಬರು ಗುರುತಿಸದೆ ನಡೆಯುತ್ತಿದ್ದರು.

ರೈಲು ನದಿಯ ಕೆಳಗೆ ಇಳಿದಾಗ ಇಂದು ಕಣ್ಣು ಮುಚ್ಚಿದಳು. ಆ ನದಿ ಬಂತು. ಆದರೆ ಈ ಸಲ ಅವಳು ಮೆಟ್ಟಿಲ ಮೇಲೆ ಕೂತಿದ್ದಳು, ಬೆನ್ನ ಹಿಂದೆ ಬಾಗಿಲು. ಒಳಗೆ ಕಾಗದದ ಮೇಲೆ ಪೆನ್ಸಿಲ್ಲು ಓಡುವ ಸದ್ದು. ಬೂಟುಗಾಲು ಹತ್ತಿರ ಬಂದು ನಿಂತಿತು, ಒಂದು ತಟ್ಟೆ ಕೆಳಗಿಳಿಯಿತು. ಅವಳು ನದಿ ಏರಿದೆ ಎಂದಳು. ಬೂಟು ಒಳಗೆ ಹೋಯಿತು. ಪೆನ್ಸಿಲ್ಲು ಮತ್ತೆ ಓಡತೊಡಗಿತು.

ಅವತ್ತು ಏಳೂ ನೋಟ್‌ಬುಕ್‌ಗಳನ್ನು ಮತ್ತೆ ತಿರುವಿಹಾಕಿದಳು. ಇಪ್ಪತ್ತಮೂರು ಜರೀಗಿಡಗಳಿಗೆ ಲ್ಯಾಟಿನ್ ಹೆಸರುಗಳಿದ್ದವು. ಮುದುಕಿಗೂ ಮಗಳಿಗೂ ಹೆಸರಿರಲಿಲ್ಲ. ಊಟದ ಹೊತ್ತಿಗೆ ಇಂದು ತನ್ನ ಎರಡು ದಿನದ ವಾಕ್ಯವನ್ನು ಅಳಿಸಿದಳು. ಆ ಜಾಗದಲ್ಲಿ ಮೂರು ಬೆಳಗುಗಳನ್ನು ಅಡೆಲೈನ್‌ಳ ಮಾತಿನಲ್ಲೇ ಇಟ್ಟಳು, ಬಿಸ್ಕೆಟ್ ಸಮೇತ. ಡಬ್ಬಿಯನ್ನು ಮುಂದೆ ಹಿಡಿಯುವುದು ಎಂದರೆ ಏನು ಎಂದು ಒಂದೇ ಸಾಲು ಬರೆದಳು. ಹೆಲೆನ್‌ಗೆ ಕಳಿಸಿ, ಇದು ಬೇಡವಾದರೆ ನನ್ನ ಹೆಸರೂ ಬೇಡ ಎಂದು ಸೇರಿಸಿದಳು.

ಗುರುವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವಾಗ ಕಾರಿನಲ್ಲೇ ಉತ್ತರ ಬಂತು. ಅರ್ಥವಾಗುತ್ತದೆ, ಪುಸ್ತಿಕೆಗೆ ಕುಟುಂಬದವರ ಚಿಕ್ಕ ಟಿಪ್ಪಣಿ ಹಾಕುತ್ತೇವೆ, ನಿನ್ನ ಪ್ರಬಂಧಕ್ಕೆ ಮುಂದೆ ಎಲ್ಲಾದರೂ ಜಾಗ ಹುಡುಕೋಣ, ಇವತ್ತು ಹೊಗೆ ಜಾಸ್ತಿ, ಮನೆಯಲ್ಲೇ ಇರು ಎಂದಿತ್ತು.

"ಹಂಗ ಬಿಟ್ಟಿದ್ರ ಆಗ್ತಿರಲಿಲ್ಲೇನು?" ಸ್ಟೀರಿಂಗ್ ಹಿಡಿದು ಸೌರಭ್ ಕೇಳಿದ. "ನೂರಾ ಇಪ್ಪತ್ತು ವರ್ಷ ಆತು. ಯಾರು ಚೆಕ್ ಮಾಡ್ತಿದ್ರು?"

"ಆಗ್ತಿತ್ತು," ಎಂದಳು ಇಂದು. ಅಪ್ಪನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದಳು. "ಮನಿಗೆ ಹೋಗೋಣೇನು?" ಎಂದು ಅವನು ಕೇಳಿದ. ಬೇಡ ಎಂದಳು.

ಗ್ರಂಥಾಲಯದಲ್ಲಿ ಯಾರೂ ಇರಲಿಲ್ಲ. ಬಾಗಿಲಲ್ಲಿ ಕಾವಲಿನ ಕರ್ಟಿಸ್ ಒಬ್ಬನೇ ಇದ್ದ. ಮಧ್ಯಾಹ್ನ ಮೂರಕ್ಕೆ ಅವನು ಮೇಲೆ ಬಂದು, "ನಿಮ್ಮ ಆಂಟಿ ಬಂದಿದಾರೆ. ಈ ಹೊಗೇಲಿ!" ಎಂದು ತಲೆ ಆಡಿಸಿ ಹೋದ.

ಲಿಗಾಯಾ ಎಂದಿನ ಕುರ್ಚಿಯಲ್ಲಿ ಕೂತಿದ್ದರು. ಮಾಸ್ಕ್ ಗಲ್ಲಕ್ಕೆ ಇಳಿದಿತ್ತು. ಇವತ್ತು ಪುಸ್ತಕವನ್ನೂ ಕೇಳಿರಲಿಲ್ಲ. ಕೂದಲು ಬಾಚಿ, ಕಿವಿಗೆ ಮುತ್ತು ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಇಂದು ಬಾಗಿಲಲ್ಲೇ ನಿಂತಳು. ಪ್ರದರ್ಶನದ ಸುದ್ದಿ ವೆಬ್‌ಸೈಟಿಗೆ ಹಾಕಿದ್ದು ಮೇ ಮೊದಲ ವಾರ. ಅದರ ಮೇಲಿದ್ದ ಫೋಟೋ ಡಬ್ಬಿಯದು. ಮುಂದಿನ ಗುರುವಾರದಿಂದ ಇವರು ಬರತೊಡಗಿದ್ದರು. ನಾಲ್ಕು ವಾರಗಳಲ್ಲಿ ಒಂದು ದಿನವೂ ಡಬ್ಬಿಯ ಮಾತು ಎತ್ತಿರಲಿಲ್ಲ. ಬಸ್ಸಿನ ಬಗ್ಗೆ, ಸೆಕೆಯ ಬಗ್ಗೆ, ಮೊಣಕಾಲಿನ ಬಗ್ಗೆ ಮಾತಾಡಿದ್ದರು.

ಇಂದು ನೆಲಮಾಳಿಗೆಗೆ ಹೋದಳು. ರಿಜಿಸ್ಟರಿನಲ್ಲಿ ಸಹಿ ಹಾಕಿ, ಬೂದು ರಟ್ಟಿನ ಪೆಟ್ಟಿಗೆ ಎತ್ತಿಕೊಂಡು ಮೇಲೆ ಬಂದಳು. ಲಿಗಾಯಾರ ಮುಂದೆ ಮೇಜಿನ ಮೇಲೆ ಅದನ್ನಿಟ್ಟು, ಪಕ್ಕದಲ್ಲಿ ಒಂದು ಜೊತೆ ನೀಲಿ ಗ್ಲೌಸ್ ಇಟ್ಟಳು.

ಲಿಗಾಯಾ ಗ್ಲೌಸನ್ನು ಬೆರಳಿನಿಂದ ಆಚೆ ಸರಿಸಿದರು. "ನಲವತ್ತು ವರ್ಷ ಹಾಕ್ಕೊಂಡಿದ್ದೀನಿ ಮಗೂ. ಸಾಕು."

ಬರಿಗೈಯಲ್ಲೇ ಡಬ್ಬಿ ಎತ್ತಿಕೊಂಡರು. ಇಂದು ತಡೆಯಲಿಲ್ಲ. ಮುಚ್ಚಳ ಎಲ್ಲಿ ಒತ್ತಿದರೆ ತೆರೆಯುತ್ತದೆಂದು ಅವರ ಹೆಬ್ಬೆರಳಿಗೆ ಗೊತ್ತಿತ್ತು. ಮೂರು ಗೂಡು ಖಾಲಿ. ಉಳಿದೊಂದರಲ್ಲಿ ಸುಣ್ಣ ಕಲ್ಲಾಗಿ ಕೂತಿತ್ತು. ಅದರ ಮೇಲೆ ಒಂದು ಬೆರಳು ಸವರಿ ತೆಗೆದ ಗುರುತು, ಸಣ್ಣ ಬೆರಳು, ನಿನ್ನೆ ತೆಗೆದ ಹಾಗಿತ್ತು.

"ನಿಮ್ಮೂರಿಂದಾ ಟೀಟಾ?"

"ಅಲ್ಲ. ಇದು ನದಿ ಕಡೆಯವರದು. ನಮ್ಮೂರು ದ್ವೀಪದ ಆ ಬದಿ, ಅವರಿಗೂ ನಮಗೂ ಅಷ್ಟಕ್ಕಷ್ಟೆ." ಲಿಗಾಯಾ ಬಗ್ಗಿ ವಾಸನೆ ನೋಡಿದರು. "ನಮ್ಮಜ್ಜಿ ಹತ್ತಿರ ಇಂಥದೊಂದಿತ್ತು. ಯುದ್ಧದಲ್ಲಿ ಹೋಯ್ತು. ಇದು ನಮ್ಮದಲ್ಲ."

ಇಂದು ಮೂರು ಬೆಳಗುಗಳನ್ನು ಅವರಿಗೆ ಓದಿದಳು. ಲಿಗಾಯಾ ಕಿಟಕಿಯ ಕಡೆ ನೋಡುತ್ತ ಕೇಳಿದರು. ಕಿಟಕಿಯಲ್ಲಿ ಕೇಸರಿ ಮಂಜಿನ ಹೊರತು ಏನೂ ಇರಲಿಲ್ಲ.

"ಬಿಸ್ಕೆಟ್ ಕೊಟ್ಟಳಾ?"

"ಹೂಂ."

"ಮೂರೂ ದಿನ?"

"ಮೂರೂ ದಿನ."

ಲಿಗಾಯಾ ಮೂಗಿನಲ್ಲೇ ನಕ್ಕರು. "ತಿಂದಿರ್ತಾಳೆ ಪಾಪ. ತಿನ್ನದೇ ಇದ್ರೆ ಚೆನ್ನಾಗಿರಲ್ಲ."

ಐದಕ್ಕೆ ಗ್ರಂಥಾಲಯ ಮುಚ್ಚಬೇಕು, ಇನ್ನು ಹತ್ತು ನಿಮಿಷ ಇತ್ತು. ಡಬ್ಬಿ ಕೆಳಗೆ ಹೋಗಬೇಕು, ರಿಜಿಸ್ಟರಿನಲ್ಲಿ ಸಮಯ ಬರೆಯಬೇಕು. ಲಿಗಾಯಾ ಮುಚ್ಚಳ ಮುಚ್ಚಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು, ಅದರ ಮೇಲೆ ಅಂಗೈ. ಕೈಯ ನರಗಳು ಎದ್ದು ಕಾಣುತ್ತಿದ್ದವು. ಏಳುವ ಸೂಚನೆ ಇರಲಿಲ್ಲ. ಇಂದು ಹತ್ತಿರ ಹೋದಳು. ಒಂದು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು.

"ನಿಮ್ಮ ಕಡೆ ಹೊಗೆ ಹೇಗಿದೆ ಟೀಟಾ?"

"ಹೀಗೇ. ಬಟ್ಟೆಯೆಲ್ಲ ಒಳಗೇ ಒಣಗಿಸ್ತಿದ್ದೀನಿ."

"ನಾಳೆ ಕಡಿಮೆ ಆಗುತ್ತಂತೆ."

"ಅಂತಾರೆ."

ಕರ್ಟಿಸ್ ಮೆಟ್ಟಿಲ ದೀಪ ಆರಿಸಿದ, ಆಮೇಲೆ ಹಜಾರದ್ದು. ಬಾಗಿಲ ಬಳಿ ಬಂದು ಒಳಗೆ ನೋಡಿದ. ಓದುವ ಕೋಣೆಯ ದೀಪವನ್ನು ಹಾಗೇ ಬಿಟ್ಟು ಕೆಳಗಿಳಿದ. ಕಿಟಕಿಯಾಚೆ ರಸ್ತೆ ಕಾಣುತ್ತಿರಲಿಲ್ಲ. ಒಂದು ಬಸ್ಸು ತನ್ನ ಎರಡು ದೀಪಗಳನ್ನಷ್ಟೇ ಹೊತ್ತುಕೊಂಡು ನಿಧಾನವಾಗಿ ಹಾದುಹೋಯಿತು.